ಒಪ್ಪಿಗೆ ಯಾವ ಭಾಷೆಯಲ್ಲಿ?

ಅಕ್ಕನ ಮಗಳ ಮದುವೆಗೆ ಮೊದಲು ಗೊತ್ತುಮಾಡಿದ ದಿನ 2024ರ ಫೆಬ್ರವರಿ 14. ಹುಡುಗ, ಹುಡುಗಿ ಇಬ್ಬರೂ ಬೆಂಗಳೂರಿನ ಒಂದೇ ಕಚೇರಿಯವರು. ಪ್ರೇಮಿಗಳ ದಿನದಂದು ಮದುವೆಯಾದರೆ ಮುಂದೆ ತಾರೀಖು ಮರೆತು ಬೈಸಿಕೊಳ್ಳುವ ಭಯವಿಲ್ಲ ಎಂಬುದು ಹುಡುಗನ ಲೆಕ್ಕ. ಸಭಾಂಗಣಕ್ಕೆ ಮುಂಗಡ ಕೊಡಲು ಹೊರಟಿದ್ದ ಭಾವನನ್ನು ನಮ್ಮ ಅಮ್ಮ ಬಾಗಿಲಲ್ಲೇ ನಿಲ್ಲಿಸಿದಳು. ಕೈಯಲ್ಲಿ ಇಗರ್ಜಿಯ ಕ್ಯಾಲೆಂಡರ್. "ಅವತ್ತು ವಿಭೂತಿ ಬುಧವಾರ. ಹಣೆಗೆ ಬೂದಿ ಹಚ್ಚಿಸಿಕೊಂಡು ಉಪವಾಸ ಇರುವ ದಿನ ಊರಿಗೆಲ್ಲ ಹಂದಿ ಮಾಂಸದ ಊಟ ಹಾಕಿಸುತ್ತೀರಾ?" ಎಂದಳು. ಭಾವ ಚೆಕ್ ಪುಸ್ತಕವನ್ನು ಜೇಬಿಗೆ ಹಾಕಿಕೊಂಡು ಕುಳಿತರು.

ಅಮ್ಮ ಅಷ್ಟಕ್ಕೇ ಬಿಡಲಿಲ್ಲ. ಹುಡುಗನ ಊರು ಶ್ರೀರಂಗಪಟ್ಟಣದ ಹತ್ತಿರ. ಕರಾವಳಿಯ ಕೊಂಕಣಿ ಕ್ರೈಸ್ತರಿಗೆ ಆ ಊರಿನ ಹೆಸರು ಬರಿಯ ಊರಿನ ಹೆಸರಲ್ಲ. 1784ರಲ್ಲಿ ಟಿಪ್ಪು ನಮ್ಮ ಪೂರ್ವಿಕರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ನಡೆಸಿಕೊಂಡು ಹೋಗಿದ್ದು ಅಲ್ಲಿಗೇ. ಉಳಿದವರು ಮರಳಿದ್ದು 1799ರಲ್ಲಿ ಆ ಕೋಟೆ ಬಿದ್ದ ಮೇಲೆ. ಹಿಡಿದ ದಿನ ವಿಭೂತಿ ಬುಧವಾರವಾಗಿತ್ತು ಎಂದು ನಮ್ಮ ಮನೆಗಳಲ್ಲಿ ಇಂದಿಗೂ ಹೇಳುತ್ತಾರೆ. "ಅದೇ ದಿನ, ಅದೇ ಊರಿಗೆ ಮತ್ತೊಮ್ಮೆ ಕಳಿಸುವುದು ಬೇಡ," ಎಂದಳು ಅಮ್ಮ. ತಮಾಷೆಯೋ ನಿಜವೋ ಅವಳ ಮುಖ ನೋಡಿ ಯಾರಿಗೂ ತಿಳಿಯಲಿಲ್ಲ. ಹುಡುಗನ ತಂದೆಗೆ ಈ ಮಾತು ಮುಟ್ಟಿದಾಗ ಅವರು ಜೋರಾಗಿ ನಕ್ಕು, "ಈ ಸಲ ನಾವೇ ಘಟ್ಟ ಇಳಿದು ಬರುತ್ತೇವೆ ಬಿಡಿ," ಎಂದರಂತೆ. ಮದುವೆ ಹುಡುಗಿಯ ಕಡೆಯಲ್ಲೋ ಹುಡುಗನ ಕಡೆಯಲ್ಲೋ ಎಂಬ ಜಗಳ ಆ ಒಂದು ನಗೆಯಲ್ಲಿ ಮುಗಿದುಹೋಯಿತು. ವಿಭೂತಿ ಬುಧವಾರದಿಂದ ಈಸ್ಟರ್ ತನಕದ ತಪಸ್ಸು ಕಾಲದಲ್ಲಿ ನಮ್ಮಲ್ಲಿ ಮದುವೆ ಇಟ್ಟುಕೊಳ್ಳುವುದಿಲ್ಲ. ಆ ವರ್ಷ ಈಸ್ಟರ್ ಮಾರ್ಚ್ 31ಕ್ಕೆ. ಆದ್ದರಿಂದ ಏಪ್ರಿಲ್ ಎರಡನೆಯ ವಾರ, ಮಂಗಳೂರು, ಬೆವರು.

ನಾನು ಹುಡುಗಿಯ ಚಿಕ್ಕಮ್ಮ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ನಿವೃತ್ತರಿಗೆ ಮದುವೆ ಮನೆಯಲ್ಲಿ ಕೆಲಸಕ್ಕೆ ಬರವಿಲ್ಲ. ನನ್ನ ಪಾಲಿಗೆ ಬಂದದ್ದು ಎರಡು: ಕಾಗದಪತ್ರಗಳ ಓಡಾಟ ಮತ್ತು ಪೂಜೆಯ ಪುಸ್ತಿಕೆ. ಉಳಿದವರು ಊಟ, ಹೂವು, ಫೋಟೊ, ಬಟ್ಟೆ ಹಂಚಿಕೊಂಡರು. ಸುಲಭದ್ದು ನಿನಗೆ ಬಂತು ಎಂದು ಅಕ್ಕ ಹೇಳಿದಳು. ನಾನೂ ನಂಬಿದೆ.

ಕೆಥೊಲಿಕ್ ಮದುವೆಗೆ ಬೇಕಾಗುವ ಕಾಗದಗಳ ಪಟ್ಟಿ ನೋಡಿದರೆ ನಿವೇಶನ ಕೊಳ್ಳುವುದು ಹಗುರ ಅನಿಸುತ್ತದೆ. ದೀಕ್ಷಾಸ್ನಾನದ ಪ್ರಮಾಣಪತ್ರ, ದೃಢೀಕರಣ ಸಂಸ್ಕಾರದ್ದು, ಮದುವೆ ತಯಾರಿಯ ಶಿಬಿರಕ್ಕೆ ಹೋಗಿಬಂದದ್ದಕ್ಕೆ ಒಂದು, ಹುಡುಗನ ಧರ್ಮಕೇಂದ್ರದಿಂದ ಅಡ್ಡಿಯಿಲ್ಲವೆಂಬ ಪತ್ರ. ಗುರುಗಳು ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿಕೊಂಡು ಪ್ರಶ್ನೆ ಕೇಳಿ ಸಹಿ ಹಾಕಿಸುತ್ತಾರೆ. ಯಾರಾದರೂ ಒತ್ತಾಯ ಮಾಡುತ್ತಿದ್ದಾರೆಯೇ, ಮೊದಲು ಮದುವೆಯಾಗಿದೆಯೇ, ಮಕ್ಕಳು ಬೇಡವೆಂದು ತೀರ್ಮಾನಿಸಿಕೊಂಡಿದ್ದೀರಾ. ಆಮೇಲೆ ಇಬ್ಬರ ಇಗರ್ಜಿಗಳಲ್ಲೂ ಭಾನುವಾರದ ಪೂಜೆಯ ಕೊನೆಗೆ ಹೆಸರು ಓದುತ್ತಾರೆ, ಅಡ್ಡಿ ಇದ್ದವರು ಬಂದು ತಿಳಿಸಿ ಎಂದು. ಸಿನಿಮಾಗಳಲ್ಲಿ ಮದುವೆಯ ನಡುವೆ ಒಬ್ಬ ಬಾಗಿಲು ತಳ್ಳಿಕೊಂಡು ಬಂದು "ನಿಲ್ಲಿಸಿ" ಎನ್ನುತ್ತಾನಲ್ಲ, ಅವನಿಗೆ ನಮ್ಮ ವಿಧಿಯಲ್ಲಿ ಜಾಗವಿಲ್ಲ. ಅವನು ಬರುವುದಿದ್ದರೆ ಆ ಭಾನುವಾರಗಳಲ್ಲೇ ಬರಬೇಕು.

ದೀಕ್ಷಾಸ್ನಾನದ ಪತ್ರ ಮನೆಯ ಕಪಾಟಿನಲ್ಲೇ ಇತ್ತು. ಅದು ನಡೆಯುವುದಿಲ್ಲ, ಆರು ತಿಂಗಳೊಳಗೆ ಬರೆಸಿಕೊಂಡದ್ದೇ ಬೇಕು ಎಂದರು. ಹುಟ್ಟಿದ ಮಗು ಮತ್ತೆ ಹುಟ್ಟುತ್ತದೆಯೇ ಎಂದು ನಾನು ಗೊಣಗಿದೆ. ಭಾವ ಬ್ಯಾಂಕಿನಲ್ಲಿದ್ದ ಕಾಲಕ್ಕೆ ಮಗು ಹುಟ್ಟಿದ್ದು ಶಿವಮೊಗ್ಗದಲ್ಲಿ. ಹಾಗಾಗಿ ಬಸ್ ಹಿಡಿದು ಆಗುಂಬೆ ಘಟ್ಟ ಹತ್ತಿದೆವು, ನಾನೂ ಹುಡುಗಿಯೂ.

ಅಲ್ಲಿನ ಇಗರ್ಜಿಯ ಕಚೇರಿಯ ಹಿರಿಯ ಗುಮಾಸ್ತರು ಕಬ್ಬಿಣದ ಕಪಾಟಿನಿಂದ ಉದ್ದನೆಯ ದಪ್ಪ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸಿದೆ, ಮೂಲೆಗಳು ಜಿರಲೆ ತಿಂದು ದುಂಡಗಾಗಿವೆ. ಬೆರಳು ಒದ್ದೆ ಮಾಡಿಕೊಂಡು ಹಾಳೆ ಮಗುಚಿ ಅವಳ ಹೆಸರಿನ ಸಾಲಿಗೆ ಬಂದರು: ಹೆಸರು, ತಂದೆ ತಾಯಿ, ಹುಟ್ಟಿದ ದಿನ, ದೀಕ್ಷೆಯ ದಿನ, ಧರ್ಮತಂದೆ, ಧರ್ಮತಾಯಿ. ಧರ್ಮತಾಯಿಯ ಮನೆಯಲ್ಲಿ ನನ್ನ ಹೆಸರು! ಹುಡುಗಿ ಅದನ್ನು ಮೊಬೈಲಿನಲ್ಲಿ ಹಿಡಿಯಲು ಹೋದಾಗ ಗುಮಾಸ್ತರು ಅಂಗೈ ಅಡ್ಡ ಇಟ್ಟರು. ಬೇರೆಯವರ ಹೆಸರುಗಳೂ ಇವೆ ಎಂದರು. ಆಮೇಲೆ ಬೆರಳನ್ನು ಬಲಗಡೆಗೆ ಜಾರಿಸಿ ಕೊನೆಯ ಅಂಕಣ ತೋರಿಸಿದರು. ದೃಢೀಕರಣವಾದ ದಿನ ಬರೆದಿತ್ತು, ಅದರ ಕೆಳಗೆ ಖಾಲಿ. ಮೇಲಿನ ಸಾಲಿನವನಿಗೆ 2019ರಲ್ಲಿ ಮದುವೆ, ಇಂಥ ಊರು, ಇಂಥವಳ ಜೊತೆ. ಇನ್ನೊಂದು ಸಾಲಿನಲ್ಲಿ ಬೇರೆ ಶಾಯಿಯಲ್ಲಿ ಎರಡು ಸಲ ಬರೆದಿತ್ತು, ಅದನ್ನು ಓದುವಷ್ಟರಲ್ಲಿ ಅವರು ಹಾಳೆ ಓರೆ ಮಾಡಿದರು. ಹೊಸ ಪತ್ರ ಕೇಳುವುದು ಈ ಅಂಚಿಗಾಗಿ. ಎಲ್ಲಿ ಮದುವೆಯಾದರೂ ಸುದ್ದಿ ದೀಕ್ಷಾಸ್ನಾನವಾದ ಊರಿಗೆ ಹೋಗಬೇಕು, ಅಲ್ಲಿ ಈ ಅಂಚಿನಲ್ಲಿ ಬರೆಯಬೇಕು. ಕಪಾಟಿನ ಹಳೆಯ ಪತ್ರಕ್ಕೆ ಈಚಿನದು ತಿಳಿಯದು, ಪುಸ್ತಕಕ್ಕೆ ತಿಳಿದಿರುತ್ತದೆ. ನಾನು ಗೊಣಗಿದ್ದನ್ನು ಮನಸ್ಸಿನಲ್ಲೇ ಹಿಂದಕ್ಕೆ ತೆಗೆದುಕೊಂಡೆ.

ಪುಸ್ತಿಕೆಯ ಕತೆ ಬೇರೆ. ಅದೇ ನನ್ನ ನಿದ್ದೆ ಕೆಡಿಸಿದ್ದು.

ಮದುವೆಯ ಪೂಜೆ ಇಂಗ್ಲಿಷಿನಲ್ಲಿ ಆಗಲಿ ಎಂದು ಎಲ್ಲರೂ ಮಾತಾಡದೇ ಒಪ್ಪಿಕೊಂಡಂತಿತ್ತು. ನಮ್ಮ ಮನೆಮಾತು ಕೊಂಕಣಿ, ಹುಡುಗನ ಮನೆಯವರದು ಕನ್ನಡ. ಕುವೈತಿನಿಂದ, ಮುಂಬಯಿಯಿಂದ ಬರುವ ನೆಂಟರ ಮಕ್ಕಳಿಗೆ ಎರಡೂ ಅರೆಬರೆ. ಇಂಗ್ಲಿಷ್ ಆದರೆ ಯಾರಿಗೂ ಬೇಸರವಿಲ್ಲ ಎಂದರು ಭಾವ. ನಿಜ, ಯಾರಿಗೂ ಬೇಸರವಿಲ್ಲ, ಯಾರದೂ ಅಲ್ಲವಲ್ಲ. ಹುಡುಗನ ತಾಯಿಗೆ ಇಂಗ್ಲಿಷ್ ಬಾರದು, ನಮ್ಮ ಅಮ್ಮನಿಗೆ ಬೇಕಿಲ್ಲ. ಈ ಹುಡುಗ, ಹುಡುಗಿಯಾದರೂ ತಮ್ಮತಮ್ಮಲ್ಲಿ ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಎಂದು ಒಂದು ವಾರ ಕಿವಿಗೊಟ್ಟು ಕೇಳಿದೆ. ಕೆಲಸದ ಮಾತು ಇಂಗ್ಲಿಷ್. ಜಗಳ ಕನ್ನಡದಲ್ಲಿ. ರಾಜಿಯೂ ಕನ್ನಡದಲ್ಲೇ.

ನಮ್ಮ ಗುರುಗಳ ಹತ್ತಿರ ಹೋದೆ. ಅವರು ನನ್ನ ಹಳೆಯ ವಿದ್ಯಾರ್ಥಿ, ಆದ್ದರಿಂದ ಸ್ವಲ್ಪ ಹೆದರುತ್ತಾರೆ. "ಟೀಚರ್, ಮದುವೆ ಮಾಡಿಸುವವನು ನಾನಲ್ಲ," ಎಂದರು. ನಮ್ಮ ಲ್ಯಾಟಿನ್ ವಿಧಿಯ ಪ್ರಕಾರ ಈ ಸಂಸ್ಕಾರವನ್ನು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವವರು ಗಂಡು ಹೆಣ್ಣು. ಗುರುಗಳು ಧರ್ಮಸಭೆಯ ಪರವಾಗಿ ಒಪ್ಪಿಗೆ ಕೇಳಿ ಪಡೆಯುವವರು, ಅಷ್ಟೆ. ಕೇರಳದ ಸಿರಿಯನ್ ವಿಧಿಯವರು ಇದನ್ನು ಬೇರೆ ಥರ ನೋಡುತ್ತಾರೆ, ಅಲ್ಲಿ ಗುರುಗಳ ಆಶೀರ್ವಾದವಿಲ್ಲದೆ ಆಗದು. 1563ರ ತನಕ ನಮ್ಮಲ್ಲಿ ಗುರುಗಳು ಇಲ್ಲದೆ, ಸಾಕ್ಷಿಯೂ ಇಲ್ಲದೆ ಇಬ್ಬರೇ ಮಾತು ಕೊಟ್ಟುಕೊಂಡರೂ ಮದುವೆಯೇ. ಕದ್ದು ಮದುವೆಯಾಗಿ, ಆಮೇಲೆ ಇಲ್ಲವೆಂದು ಕೈಕೊಡುವ ಗಂಡಸರ ಕಾಟ ಹೆಚ್ಚಿ, ಕೆಥೊಲಿಕ್ ಬಿಷಪರ ಟ್ರೆಂಟ್ ಮಹಾಸಭೆ ಧರ್ಮಗುರು ಮತ್ತು ಇಬ್ಬರು ಮೂವರು ಸಾಕ್ಷಿಗಳು ಇರಲೇಬೇಕೆಂದು ಕಟ್ಟು ಮಾಡಿತು. ಅಂದರೆ ಹೂವು, ಕಾರ್ಪೆಟ್, ಗಾನವೃಂದ, ಉಂಗುರ ಕೂಡ ಇಲ್ಲದಿದ್ದರೂ ನಡೆಯುತ್ತದೆ. ನಡೆಯದೇ ಇರುವುದು ಆ ಅರ್ಧ ನಿಮಿಷದ ಮಾತು ಇಲ್ಲದಿದ್ದರೆ ಮಾತ್ರ. ಊಟಕ್ಕೆ ಸಾನ್ನಾಂ ಎಷ್ಟು ಎಂದು ನಾವು ನಾಲ್ಕು ಸಲ ಸಭೆ ಸೇರಿದ್ದೆವು. ಆ ಅರ್ಧ ನಿಮಿಷದ ಬಗ್ಗೆ ಒಂದು ಸಲವೂ ಇಲ್ಲ.

ಮನೆಗೆ ಬಂದು ಅಮ್ಮನನ್ನು ಕೇಳಿದೆ. ಅವಳ ಮದುವೆ 1961ರಲ್ಲಿ, ಪೂಜೆಯೆಲ್ಲ ಲ್ಯಾಟಿನ್. "ಏನು ತಿಳಿಯಿತು ನಿನಗೆ?" ಅಂದೆ. "ಏನೂ ಇಲ್ಲ. ಪಾದ್ರ್ಯಾಬ್ ಬೆನ್ನು ತಿರುಗಿಸಿ ಏನೋ ಹೇಳುತ್ತಿದ್ದರು, ನಾವು ಮೊಣಕಾಲೂರಿ ಜಪಸರ ಎಣಿಸುತ್ತಿದ್ದೆವು. ಆದರೆ ಒಂದು ಸಲ ಇತ್ತ ತಿರುಗಿ ಕೊಂಕಣಿಯಲ್ಲಿ ಕೇಳಿದರು, ಇವನನ್ನು ಗಂಡನೆಂದು ಒಪ್ಪುತ್ತೀಯಾ ಎಂದು. ನಾನು 'ವ್ಹಯ್' ಅಂದೆ. ಅದು ಚೆನ್ನಾಗಿ ತಿಳಿಯಿತು." ಲ್ಯಾಟಿನ್ ಕಾಲದಲ್ಲಿ ಇದು ಹೇಗೆ ಎಂದು ಗುರುಗಳನ್ನು ಮತ್ತೆ ಕೇಳಿದಾಗ ತಿಳಿಯಿತು, ಹಳೆಯ ರೋಮನ್ ವಿಧಿಪುಸ್ತಕದಲ್ಲೇ ಹಾಗಿತ್ತು: ಒಪ್ಪಿಗೆಯ ಪ್ರಶ್ನೆಯನ್ನು ಮಾತ್ರ ಜನರ ಆಡುಮಾತಿನಲ್ಲಿ ಕೇಳಬೇಕು. ಎಲ್ಲವನ್ನೂ ಲ್ಯಾಟಿನ್ನಿಗೆ ಬಿಟ್ಟವರು ಅದೊಂದನ್ನು ಬಿಟ್ಟಿರಲಿಲ್ಲ. ನಾವು ಎಲ್ಲ ಭಾಷೆಗಳಿಗೂ ಅನುಮತಿ ಪಡೆದುಕೊಂಡು, ಅದೊಂದನ್ನು ಯಾರದ್ದೂ ಅಲ್ಲದ ಭಾಷೆಗೆ ಒಪ್ಪಿಸಲು ಹೊರಟಿದ್ದೆವು.

ಅಲ್ಲಿಂದ ನನಗೆ ಹಟ ಬಂತು. ಪುಸ್ತಿಕೆ ಎರಡು ಭಾಷೆಯಲ್ಲಿ: ಹಾಡುಗಳು, ಒಂದು ಬೈಬಲ್ ವಾಚನ ಕೊಂಕಣಿಯಲ್ಲಿ, ಉಳಿದ ಪೂಜೆ ಮತ್ತು ಪ್ರತಿಜ್ಞೆ ಕನ್ನಡದಲ್ಲಿ. ಮಂಗಳೂರಿನ ನಾವು ಕೊಂಕಣಿಯನ್ನು ಬರೆಯುವುದೇ ಕನ್ನಡ ಲಿಪಿಯಲ್ಲಿ, ಹಾಗಾಗಿ ಹುಡುಗನ ಕಡೆಯವರಿಗೆ ಅರ್ಥವಾಗದಿದ್ದರೂ ಓದಲು ಬರುತ್ತದೆ. ಭಾವ ಕುವೈತಿನ ಮಕ್ಕಳ ಮಾತು ಎತ್ತಿದರು. ಅವರಿಗೆ ಒಂದು ಪುಟ ಇಂಗ್ಲಿಷ್ ಸಾರಾಂಶ ಹಾಕಿದೆ. ಅವರು ಪೂಜೆಯ ಹೊತ್ತಿಗೆ ಹೊರಗೆ ಫೋಟೊ ತೆಗೆಸಿಕೊಳ್ಳುತ್ತಾರೆ ಎಂದು ಗೊತ್ತಿದ್ದರೂ ಹಾಕಿದೆ.

ವಾಚನ ಆರಿಸುವಾಗ ಇನ್ನೊಂದು ಪಂಚಾಯಿತಿ. ಹುಡುಗನ ತಂದೆಗೆ ಎಫೆಸದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯವೇ ಬೇಕು, ಅವರ ಮದುವೆಯಲ್ಲಿ ಓದಿದ್ದು ಅದೇ. ಅದರಲ್ಲಿ ಹೆಂಡತಿ ಗಂಡನಿಗೆ ಅಧೀನಳಾಗಿರಲಿ ಎಂದು ಬರುತ್ತದೆ. ಹುಡುಗಿ ಫೋನಿನಲ್ಲೇ, "ಮಾವ್ಶಿ, ಅದನ್ನು ಓದಿದರೆ ನಾನು ಎದ್ದು ಹೋಗುತ್ತೇನೆ," ಎಂದಳು. ವಾಚನಗ್ರಂಥದಲ್ಲಿ ಅದಕ್ಕೆ ಒಂದು ಚಿಕ್ಕ ರೂಪವೂ ಇದೆ. ಅಧೀನದ ಸಾಲುಗಳನ್ನು ಬಿಟ್ಟು, ಗಂಡ ಹೆಂಡತಿಯನ್ನು ತನ್ನ ದೇಹದಂತೆ ಪ್ರೀತಿಸಲಿ ಎಂಬಲ್ಲಿಗೆ ನೇರ ಹೋಗುತ್ತದೆ. ಅದನ್ನೇ ಹಾಕಿದೆ. ಮಾವನಿಗೆ ಅಧ್ಯಾಯ ಸಿಕ್ಕಿತು, ಸೊಸೆಗೆ ಸಾಲು ತಪ್ಪಿತು. ಮೊದಲ ವಾಚನ ತೋಬಿತನ ಗ್ರಂಥದ್ದು, ಮದುವೆಯ ರಾತ್ರಿ ಗಂಡ ಹೆಂಡತಿ ಹಾಸಿಗೆಯಿಂದ ಎದ್ದು ನಿಂತು ಪ್ರಾರ್ಥಿಸುವ ಭಾಗ. ಶುಭಸಂದೇಶ ಯೇಸು ನೀರನ್ನು ದ್ರಾಕ್ಷಾರಸ ಮಾಡಿದ ಕಾನಾ ಊರಿನ ಮದುವೆ, ಅದಕ್ಕೆ ಚರ್ಚೆಯೇ ಇಲ್ಲ. ಆರು ಕಲ್ಲಿನ ಬಾನೆಗಳು, ಒಂದೊಂದರಲ್ಲಿ ಎಂಬತ್ತರಿಂದ ನೂರಿಪ್ಪತ್ತು ಲೀಟರ್ ಹಿಡಿಯುತ್ತವೆ. ಏನಿಲ್ಲವೆಂದರೂ ನಾನೂರ ಎಂಬತ್ತು ಲೀಟರ್ ದ್ರಾಕ್ಷಾರಸ. ಊಟದ ಜವಾಬ್ದಾರಿ ಹೊತ್ತ ಅಣ್ಣ ಇದನ್ನು ಕೇಳಿ ಬಹಳ ಹೊತ್ತು ಯೋಚನೆಯಲ್ಲಿದ್ದ.

ತಂದೆ ಮಗಳ ಕೈ ಹಿಡಿದು ತಂದು ಗಂಡಿಗೆ ಒಪ್ಪಿಸುವ ದೃಶ್ಯ ಬೇಕೆಂದು ಫೋಟೊದವನು ಪಟ್ಟಿಯಲ್ಲಿ ಬರೆದುಕೊಂಡಿದ್ದ. ನಮ್ಮ ವಿಧಿಯಲ್ಲಿ ಒಪ್ಪಿಸುವ ಮಾತೇ ಇಲ್ಲ. ಇಬ್ಬರೂ ಜೊತೆಯಾಗಿ ಬಲಿಪೀಠದ ಕಡೆ ನಡೆದು ಬರಬಹುದು. ಬಂದದ್ದೂ ಹಾಗೆಯೇ. ಇಳಿಸೂರ್ಯನ ಬೆಳಕು ಚೆನ್ನ, ಪೂಜೆ ಆರೂವರೆಗೆ ಶುರುಮಾಡಿ ಎಂದೂ ಅವನೇ ಹೇಳಿದ್ದು. 1872ರ ಕ್ರೈಸ್ತ ವಿವಾಹ ಕಾಯ್ದೆ ಇನ್ನೂ ಜೀವಂತವಿದೆ, ಮದುವೆ ಬೆಳಿಗ್ಗೆ ಆರರಿಂದ ಸಂಜೆ ಏಳರೊಳಗೆ ಆಗಬೇಕು, ಅದು ಮೀರಿದರೆ ಬಿಷಪರ ಅನುಮತಿ ಬೇಕು ಎಂದು ನಾನು ಹೇಳಿದಾಗ ಅವನ ಮುಖ ನೋಡಬೇಕಿತ್ತು. ನಾಲ್ಕು ಗಂಟೆಗೆ ನಿಗದಿಯಾಯಿತು.

ತಾಳಿಯ ವಿಚಾರ ಮಾತ್ರ ಸೂಕ್ಷ್ಮ. ಹುಡುಗನ ಕಡೆ ಅರಿಶಿನ ದಾರದಲ್ಲಿ ಶಿಲುಬೆಯ ತಾಳಿ, ಇಗರ್ಜಿಯೊಳಗೇ ಮೂರು ಗಂಟು. ನಮ್ಮ ಕಡೆ ಕರಿಮಣಿ, ಪದಕದ ಪಿರ್ದುಕ್. ಯಾವುದು ಮೇಲೆ ಎಂದು ಹೆಂಗಸರು ಪಿಸುಮಾತಿನಲ್ಲಿ ಕಾದಾಡಿದರು. ಊರೂರಿನ ಒಳ್ಳೆಯ ಮದುವೆ ಪದ್ಧತಿಗಳನ್ನು ಉಳಿಸಿಕೊಳ್ಳಿ ಎಂದು 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಹೇಳಿದೆ. ಆ ವಾಕ್ಯವನ್ನು ಅದು ಎತ್ತಿಕೊಂಡದ್ದು ಅದೇ ಟ್ರೆಂಟ್ ಮಹಾಸಭೆಯ ಅದೇ ಆಜ್ಞೆಯಿಂದ. ಸಾಕ್ಷಿ ಕಡ್ಡಾಯ ಮಾಡಿದ ಕಾಗದದಲ್ಲೇ ಸಂಪ್ರದಾಯಕ್ಕೂ ಜಾಗ. ಇದನ್ನೆಲ್ಲ ನಾನು ವಿವರಿಸುತ್ತಿರುವಾಗ ಹುಡುಗನ ತಾಯಿ ಅಮ್ಮನ ಪಕ್ಕ ಬಂದು ಕುಳಿತು, ಪಿರ್ದುಕ್ಕನ್ನು ಕೈಗೆ ತೆಗೆದುಕೊಂಡು ತೂಗಿ, "ಎರಡೂ ಹಾಕಿಕೊಳ್ಳಲಿ ಬಿಡಿ ಅಮ್ಮ, ಕತ್ತು ಗಟ್ಟಿಯಾಗಿದೆ," ಎಂದರು. ಇತಿಹಾಸ ಬಲ್ಲವಳ ಭಾಷಣ ಅಲ್ಲಿಗೆ ನಿಂತಿತು.

ಮುನ್ನಾದಿನ ಮನೆಯಲ್ಲಿ ರೋಸ್, ಮದುಮಗಳಿಗೆ ತೆಂಗಿನ ಹಾಲು ಎರೆಯುವ ಶಾಸ್ತ್ರ. ಹನ್ನೆರಡು ತೆಂಗಿನಕಾಯಿ ತುರಿದು ಹಿಂಡಿದ ಹಾಲು. ಪೊಟ್ಟಣದ ಹಾಲು ತರೋಣ ಎಂದ ತಮ್ಮನ ಹೆಂಡತಿಯೊಡನೆ ನಾನು ಎರಡು ದಿನ ಮಾತು ಬಿಟ್ಟಿದ್ದೆ. ಅಮ್ಮ ಮೊದಲು ಎಣ್ಣೆಯಲ್ಲಿ ಬೆರಳದ್ದಿ ಮೊಮ್ಮಗಳ ಹಣೆಗೆ ಶಿಲುಬೆ ಗುರುತು ಹಾಕಿದಳು. ಆಮೇಲೆ ನೆತ್ತಿಗೆ ರೋಸ್ ಸುರಿದಳು. ಏಪ್ರಿಲ್ ಸೆಕೆಗೆ ಅದು ಕೂದಲಿನಿಂದ ಇಳಿದು ಕತ್ತಿನ ಹತ್ತಿರ ಅಂಟಾಗಿ ನಿಂತಿತು, ಇರುವೆಗಳು ಮಣೆಯ ಕಾಲನ್ನು ಆಗಲೇ ಕಂಡುಹಿಡಿದಿದ್ದವು. ತಾಟಿಗೆ ನಾಣ್ಯ ಬೀಳುವ ಸದ್ದು. ಹಾಡುವ ಹೆಂಗಸರಿಗೆ ವೊವಿಯೊ, ಅಂದರೆ ಮದುವೆಯ ಹಾಡು, ಮೂರನೆಯದಕ್ಕೇ ಮರೆತುಹೋಗಿ ಮೊದಲನೆಯದನ್ನೇ ಮತ್ತೆ ಹಾಡಿದರು.

ಮದುವೆಯ ದಿನ ಹುಡುಗನ ಕಡೆಯ ಬಸ್ ಒಂದು ಗಂಟೆ ತಡ. ಲೋಕಸಭಾ ಚುನಾವಣೆಯ ನೀತಿ ಸಂಹಿತೆ, ದಾರಿಯಲ್ಲಿ ತಪಾಸಣೆ. ತಾಳಿಯ ಡಬ್ಬಿ ತೆರೆಸಿ, ಲಗ್ನಪತ್ರಿಕೆ ತೋರಿಸಿದ ಮೇಲೆ ಬಿಟ್ಟರಂತೆ. "ಸಂಪಾಜೆಯಲ್ಲಿ ನಾವೇ ಸೆರೆಯಾಗುತ್ತಿದ್ದೆವು," ಎಂದು ಹುಡುಗನ ತಂದೆ ಬಸ್ಸಿನಿಂದ ಇಳಿಯುತ್ತಲೇ ಅಮ್ಮನಿಗೆ ಹೇಳಿದರು. ಅವಳು ಆ ದಿನ ಮೊದಲ ಸಲ ನಕ್ಕಳು.

ಪೂಜೆಯಲ್ಲಿ ನನ್ನ ಕಣ್ಣೆಲ್ಲ ಪುಸ್ತಿಕೆಯ ಮೇಲೆ. ಹನ್ನೊಂದನೆಯ ಪುಟದಲ್ಲಿ ಒಂದು ಒತ್ತಕ್ಷರ ತಪ್ಪಿದ್ದು ಆಗ ಕಂಡಿತು. ಎರಡು ಸಲ ಕರಡು ತಿದ್ದಿದವಳು ನಾನೇ. ಕಾಣಿಕೆಯ ಹಾಡಿಗೆ ಹುಡುಗನ ತಾಯಿ ಪುಸ್ತಿಕೆಯನ್ನು ದೂರ ಹಿಡಿದು, ಅರ್ಥ ತಿಳಿಯದ ಕೊಂಕಣಿಯನ್ನು ಅಕ್ಷರ ಅಕ್ಷರ ಬಿಡಿಸಿ ಹಾಡುತ್ತಿದ್ದರು, ಉಳಿದವರಿಗಿಂತ ಅರ್ಧ ಸಾಲು ಹಿಂದೆ. ಆದರೆ ಅದು ಆಮೇಲಿನದು. ಅದಕ್ಕೂ ಮೊದಲು, ಗುರುಗಳ ಪ್ರಸಂಗ ಮುಗಿದು ಇಬ್ಬರೂ ಎದುರುಬದುರು ನಿಂತು ಬಲಗೈ ಹಿಡಿದುಕೊಂಡಾಗ, ಅವನು ಕಂಠಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟ. ಅವಳು ನಿಧಾನವಾಗಿ ಹೇಳಿದಳು. ಸುಖದಲ್ಲಿ, ದುಃಖದಲ್ಲಿ, ಆರೋಗ್ಯದಲ್ಲಿ, ಅನಾರೋಗ್ಯದಲ್ಲಿ. "ಅನಾರೋಗ್ಯ"ಕ್ಕೆ "ಕಾಯಿಲೆ" ಎಂದು ಹಾಕೋಣವೇ ಎಂದು ತಿಂಗಳ ಹಿಂದೆ ಕೇಳಿದ್ದಳು. ಅಂಗೀಕೃತ ಪಾಠ, ಮುಟ್ಟುವಂತಿಲ್ಲ ಎಂದು ಗುರುಗಳು ಹೇಳಿದ್ದರು. ಆ ಪದಕ್ಕೆ ಬಂದಾಗ ಒಂದು ಕ್ಷಣ ನಿಂತಳು. ನನ್ನ ಎದೆ ಹಾರಿತು. ಕೊನೆಗೆ ಬರೆದದ್ದನ್ನೇ ಹೇಳಿದಳು.

ಅಮ್ಮನಿಗೆ ಎಡಗಿವಿ ಕೇಳುವುದಿಲ್ಲ, ಬಲಗಿವಿಯ ಯಂತ್ರದ ಬ್ಯಾಟರಿ ಆಗಷ್ಟೇ ಮುಗಿದಿತ್ತು. ಇಡೀ ಇಗರ್ಜಿ ಮೌನವಾಗಿದ್ದಾಗ ನನ್ನ ತೋಳು ಹಿಡಿದು ಗಟ್ಟಿಯಾಗಿ, "ಕಿತೆಂ ಮ್ಹಣಾಲಿ?" ಎಂದಳು. ಏನೆಂದಳು?

"ವ್ಹಯ್ ಮ್ಹಣಾಲಿ," ಅಂದೆ.

ಮುಂದಿನ ಬೆಂಚಿನವರು ತಿರುಗಿ ನೋಡಿದರು. ಗುರುಗಳು ಕಾದರು. ಅಮ್ಮ ತಲೆಯಾಡಿಸಿದ ಮೇಲೆ ಉಂಗುರಗಳ ತಟ್ಟೆಗೆ ಕೈ ಚಾಚಿದರು.

ಎರಡು ವಾರ ಬಿಟ್ಟು ನಮ್ಮ ಇಗರ್ಜಿಯ ಕಚೇರಿಯಿಂದ ಎರಡು ಲಕೋಟೆ ಕೊಟ್ಟರು, ಒಂದು ಶ್ರೀರಂಗಪಟ್ಟಣದ ಕಡೆಗೆ, ಒಂದು ಶಿವಮೊಗ್ಗಕ್ಕೆ. ಅಂಚೆಗೆ ಅವರೇ ಹಾಕುತ್ತಾರೆ, ಆದರೂ ನಾನು ಹಾಕುತ್ತೇನೆಂದು ತಂದು ನೋಂದಾಯಿತ ಅಂಚೆಯಲ್ಲಿ ಕಳಿಸಿದೆ. ರಸೀದಿ ಇನ್ನೂ ಕೈಚೀಲದಲ್ಲಿದೆ, ಶಾಯಿ ಮಾಸುತ್ತಿದೆ. ಆ ಗುಮಾಸ್ತರು ಬರೆದಿದ್ದಾರೋ ಇಲ್ಲವೋ, ಮಳೆ ನಿಂತ ಮೇಲೆ ಒಮ್ಮೆ ಘಟ್ಟ ಹತ್ತಿ ನೋಡಿ ಬರಬೇಕು.